ಕಿಡಿ ನೋಡುವುದು ಗಂಡಸರ ಕೆಲಸವಂತೆ

ಕುಲುಮೆಯಲ್ಲಿ ಹೆಂಗಸು ಏನು ಬೇಕಾದರೂ ಮಾಡಬಹುದು. ಇದ್ದಿಲು ಹೊರಬಹುದು, ದೊಡ್ಡ ಸುತ್ತಿಗೆ ಎತ್ತಿ ಹೊಡೆದು ರಟ್ಟೆ ಬೀಳಿಸಿಕೊಳ್ಳಬಹುದು. ಕತ್ತಿಗೆ ಯಾವ ಉಕ್ಕು ಎಂದು ಆರಿಸುವುದು ಮಾತ್ರ ಗಂಡಸರ ಕೆಲಸವಂತೆ. ಯಾವ ಪುಣ್ಯಾತ್ಮ ಹೇಳಿದನೋ! ಹೊಳನಗದ್ದೆಯ ಈ ಕುಲುಮೆಗೆ ಮದುವೆಯಾಗಿ ಬಂದಾಗಿನಿಂದ ಕೇಳುತ್ತಿದ್ದೇನೆ, ನೆನೆದರೆ ಈಗಲೂ ಮೈ ಉರಿಯುತ್ತದೆ.

ಗ್ರೈಂಡರಿಗೆ ಹಿಡಿದರೆ ಉಕ್ಕು ತಾನು ಎಂಥದೆಂದು ಕಿಡಿಯಲ್ಲೇ ಹೇಳುತ್ತದೆ. ಲಾರಿಯ ಸ್ಪ್ರಿಂಗ್ ಪಟ್ಟಿಯಾದರೆ ಕಿಡಿ ತುದಿಯಲ್ಲಿ ಚಟಪಟ ಒಡೆದು ಹೂ ಬಿಡುತ್ತದೆ. ಸಾದಾ ಕಬ್ಬಿಣದ ಕಿಡಿ ಉದ್ದಕ್ಕೆ ಗೆರೆ ಎಳೆದು ಆರಿಹೋಗುತ್ತದೆ. ಅದಕ್ಕೆ ಎಷ್ಟು ಹದ ಕೊಟ್ಟರೂ ಕತ್ತಿಯ ಬಾಯಿ ಹರಿತವಾಗಿ ನಿಲ್ಲುವುದಿಲ್ಲ. ಇದನ್ನು ನೋಡಲು ಮೀಸೆ ಬೇಕೆ? ಕಣ್ಣು ಬೇಕು. ನಮ್ಮ ಮನೆಯವರ ಕಣ್ಣಿಗೆ ಪೊರೆ ಬಂದಿತ್ತು. ಕುಮಟೆಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಿ ಎಂದರೆ, "ನಂಗೆ ಎಲ್ಲಾ ಕಾಣ್ತದೆ, ನೀ ಸುಮ್ನಿರು" ಎಂದು ಹಾರಾಡುತ್ತಿದ್ದರು.

ಕಳೆದ ಮಳೆಗಾಲ ಮುಗಿದ ಮೇಲೆ ಹೊನ್ನಾವರದ ಗುಜರಿಯಿಂದ ಪಟ್ಟಿಗಳನ್ನು ತಂದರು. ಗ್ರೈಂಡರಿಗೆ ಹಿಡಿದಾಗ ನೋಡಿದೆ, ಹೂ ಇಲ್ಲ.

"ಇದು ಸ್ಪ್ರಿಂಗ್ ಅಲ್ಲ" ಎಂದೆ.

"ನಿಂಗೆಂತ ಗೊತ್ತು?" ಎಂದು ಅದರಲ್ಲೇ ಕತ್ತಿ ಮಾಡಲು ಕೂತರು. ಸುತ್ತಿಗೆ ಹೊಡೆದವಳು ನಾನೇ, ಹಲ್ಲು ಕಚ್ಚಿಕೊಂಡು.

ಕತ್ತಿ ಮಾಡಿಕೊಡಲು ಹೇಳಿಹೋಗಿದ್ದವನು ನಮ್ಮ ಕೇರಿಯಲ್ಲಿ ತೆಂಗಿನಮರ ಹತ್ತುವವನು. ಒಂದು ಕೈಯಲ್ಲಿ ಮರ ತಬ್ಬಿ ಇನ್ನೊಂದು ಕೈಯಲ್ಲಿ ಗೊನೆ ಕಡಿಯುವ ಕೆಲಸ. ಮೊಂಡು ಕತ್ತಿಯಲ್ಲಿ ಮತ್ತೆ ಮತ್ತೆ ಬೀಸುತ್ತಾ ಕೂತರೆ ಕಾಯಿಗಿಂತ ಮೊದಲು ಅವನೇ ಕೆಳಗಿರುತ್ತಾನೆ. ಅಷ್ಟೂ ಗೊತ್ತಿದ್ದ ನಮ್ಮ ಮನೆಯವರೇ ಹಟಕ್ಕೆ ಬಿದ್ದರೆ ಯಾರಿಗೆ ಹೇಳುವುದು?

ಅವನು ಬಂದ. ಮನೆಯವರು ಕತ್ತಿ ಕೊಡಲು ಕೈ ಚಾಚಿದ್ದೇ ತಡ, ಕಸಿದುಕೊಂಡೆ. ಅಲ್ಲೇ ಬಿದ್ದಿದ್ದ ಒಣ ಬಿದಿರಿನ ಗಂಟಿಗೆ ಬಲವಾಗಿ ಒಂದು ಏಟು ಹಾಕಿದೆ. ಕತ್ತಿಯ ಬಾಯಿ ಮಡಚಿಹೋಯಿತು.

"ಅಕ್ಕಾ, ಇದ್ನ ಹಿಡ್ಕಂಡು ನಾ ಮರ ಹತ್ಬೇಕಿತ್ತಾ?" ಎಂದ ಅವನು.

"ನಂಗೆಂತಕ್ಕೆ ಕೇಳ್ತೆ? ಅವ್ರನ್ನೇ ಕೇಳು!" ಎಂದೆ. ಮನೆಯವರ ಕಡೆ ತಿರುಗಿ, "ನಿಮ್ಮ ಮರ್ಯಾದೆ ಉಳೀಲಿಕ್ಕೆ ಇವ ಬಿದ್ದು ಸಾಯ್ಬೇಕಾ?" ಎಂದು ಕೂಗಿದೆ. ಬಾಯಿಗೆ ಬಂದದ್ದೆಲ್ಲ ಅಂದೆ.

ಅವರು ಮೂಲೆಯ ರಾಶಿಯಲ್ಲಿ ತಡಕಾಡಿ ಹಳೆಯ ಪಟ್ಟಿಯೊಂದನ್ನು ಎಳೆದು ಗ್ರೈಂಡರಿಗೆ ಹಿಡಿದರು. ಮುಖವನ್ನು ಎಷ್ಟು ಹತ್ತಿರ ಒಯ್ದರೆಂದರೆ ಕಿಡಿ ಹಣೆಗೇ ಸಿಡಿಯುತ್ತಿತ್ತು. ಕುಲುಮೆ ತುಂಬ ಹೂವೋ ಹೂವು.

"ಹೂ ಬರ್ತದಾ?" ಎಂದರು.

ನಾನು ಅವರ ಭುಜ ಹಿಡಿದು ಹಿಂದಕ್ಕೆಳೆದೆ.

"ಹೇಳೇ. ನಂಗೆ ಕಾಣೂದಿಲ್ಲ."

"ಅಷ್ಟು ಹೇಳ್ಲಿಕ್ಕೆ ಇಷ್ಟು ದಿನ ಬೇಕಾತಾ ನಿಮ್ಗೆ?" ಎಂದು ಅವನೆದುರೇ ಚೀರಿದೆ. ಅಳು ಬರುತ್ತಿತ್ತು, ಅದಕ್ಕೂ ಸಿಟ್ಟು ಬಂತು.