ಬೇಳೆಗೊಂದು ನೀರು, ಬಾಯಿಗೊಂದು ನೀರು

‘ಮೇಕ್ ಎ ಡಿಫರೆನ್ಸ್’ ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ. ಹಗರಿಬೊಮ್ಮನಹಳ್ಳಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವಳು ನಾನು. ತರಬೇತಿಗೆ ಹೋದರೆ ಅಲ್ಲಿ ಆ ಮಾತು, ಮೊಬೈಲ್ ತೆರೆದರೆ ಆ ಮಾತು, ಶಾಲೆಗೆ ಬಂದ ಅತಿಥಿಯ ಟೀ ಶರ್ಟಿನ ಬೆನ್ನ ಮೇಲೂ ಅದೇ. ಏನು ಬದಲಾಯಿತು ಸ್ವಾಮಿ, ಯಾರಿಗೆ ಬದಲಾಯಿತು ಎಂದು ಕೇಳಿ ನೋಡಿ. ಈಕೆಗೆ ತಲೆ ನೆಟ್ಟಗಿಲ್ಲ ಅನ್ನುವಂತೆ ನೋಡುತ್ತಾರೆ.

ನಮ್ಮ ಕಡೆಯೂ ಅದಕ್ಕೊಂದು ಮಾತಿದೆ, ಫರಕು. ಜ್ವರ ಬಂದವರ ಮನೆಗೆ ಮರುದಿನ ಹೋಗಿ ಹೊಸ್ತಿಲಲ್ಲೇ ಕೇಳುತ್ತೇವೆ: “ಗುಳಿಗಿ ತಗಂಡ ಮ್ಯಾಲ ಏನಾರ ಫರಕ್ ಐತೇನವಾ?” ಉತ್ತರ ಹೇಳಬೇಕಾದವರು ಮಲಗಿದವರು. ಗುಳಿಗೆ ಕೊಟ್ಟವನೇ ಎದೆ ತಟ್ಟಿಕೊಂಡು ನನ್ನಿಂದ ಫರಕಾಯಿತು ಅಂದರೆ ಊರೆಲ್ಲ ನಗುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಕೊಟ್ಟವರೇ ಹೇಳಿಕೊಳ್ಳಬಹುದು, ಚಪ್ಪಾಳೆ ಬೇರೆ ಬೀಳುತ್ತದೆ.

ನನ್ನ ತವರು ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಿಂದ ಒಳಗಿರುವ ಒಂದು ಸಣ್ಣ ಹಳ್ಳಿ. ಅಲ್ಲಿನ ಬೋರಿನ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ನಮ್ಮೂರಿನವರು ಬಾಯಿ ತೆರೆದರೆ ಊರು ಯಾವುದೆಂದು ಹೇಳಬೇಕಾಗಿಲ್ಲ, ಹಲ್ಲಿನ ಮೇಲಿನ ಕಂದು ಪಟ್ಟೆಗಳೇ ಹೇಳುತ್ತವೆ. ನನಗೂ ಇವೆ. ಅಕ್ಕನಿಗೆ ನನಗಿಂತ ಹೆಚ್ಚು. ನೋಡಲು ಬಂದ ಗಂಡಿನ ಕಡೆಯವರು ಉಪ್ಪಿಟ್ಟು ತಿಂದು, ಹಲ್ಲು ನೋಡಿ, ಆಮೇಲೆ ತಿಳಿಸುತ್ತೇವೆಂದು ಎದ್ದು ಹೋದವರು ತಿಳಿಸಲೇ ಇಲ್ಲ. ಕೊನೆಗೆ ಊರಲ್ಲೇ ಸೋದರಮಾವನ ಮಗನಿಗೆ ಕೊಟ್ಟರು.

ಅಕ್ಕನಿಗೆ ಒಬ್ಬಳೇ ಮಗಳು. ಆ ಕೂಸು ಹೊಟ್ಟೆಯಲ್ಲಿದ್ದಾಗಲೇ ಬೆಂಗಳೂರಿನ ಒಂದು ಸಂಸ್ಥೆಯವರು ಊರಿಗೆ ನೀರಿನ ಫಿಲ್ಟರ್ ಹಾಕಿಸಿದರು. ನನಗೆ ಎಷ್ಟು ಖುಷಿಯಾಗಿತ್ತೆಂದರೆ ಶಾಲೆಯಲ್ಲಿ ಪೇಢೆ ಹಂಚಿದ್ದೆ. ಇದೊಂದರ ಹಲ್ಲಾದರೂ ಸರಿಯಾಗಿ ಬರಲಿ ಎಂದು ಅಕ್ಕನ ತಲೆ ತಿಂದೆ. ಕೂಸಿಗೆ ಫಿಲ್ಟರ್ ನೀರನ್ನೇ ಕುಡಿಸು, ಮುಂದೆ ಬರುವ ಹಲ್ಲು ಈಗಲೇ ಒಸಡಿನೊಳಗೆ ತಯಾರಾಗುತ್ತಿರುತ್ತದೆ, ಹಲ್ಲು ಹೊರಗೆ ಬಂದ ಮೇಲೆ ತಿದ್ದಲು ಬರುವುದಿಲ್ಲ ಎಂದು ಹೋದಾಗಲೆಲ್ಲ ಹೇಳಿದೆ. ಅಕ್ಕ ಪ್ರತಿಸಲವೂ “ಹೂಂ ಬಿಡು” ಅಂದಳು. ನಾನು ನಂಬಿದೆ.

ಹೋದ ವರ್ಷ ರಜೆಯಲ್ಲಿ ಊರಿಗೆ ಹೋದಾಗ ಆ ಸಂಸ್ಥೆಯವರು ವಿಡಿಯೋ ಮಾಡಲು ಬಂದಿದ್ದರು. ಪಂಚಾಯ್ತಿ ಮೆಂಬರು ಓಡಿ ಬಂದ. “ಟೀಚರವ್ವಾ, ನಿಮಗ ಇಂಗ್ಲೀಷ್ ಬರ್ತೈತಲ್ರಿ, ಒಂಚೂರು ಬರ್ರಿ.” ಫಿಲ್ಟರಿನ ಮುಂದೆ ಕ್ಯಾನು ಹಿಡಿದ ಹೆಂಗಸರು ಸಾಲಾಗಿ ನಿಂತಿದ್ದರು. ಈ ನೀರಿನಿಂದ ನಿಮ್ಮ ಬದುಕಿನಲ್ಲಿ ಏನು ಡಿಫರೆನ್ಸ್ ಆಯಿತು ಎಂದು ಬಂದವರ ಸಾಹೇಬ ಕೇಳಿದ. ನಾನು ಫರಕು ಏನಾಯಿತೆಂದು ಕೇಳಿದೆ.

ಮುಂದೆ ನಿಂತಿದ್ದ ಅಜ್ಜಿ ಕೈ ಬೀಸಿ ಹೇಳಿದಳು, “ಅಯ್ಯ, ಭಾಳ ಫರಕ್ ಆಗೈತವ್ವಾ! ಮದ್ಲು ಬ್ಯಾಳಿ ಎಷ್ಟ ಕುದಿಸಿದ್ರೂ ಕಲ್ಲಿದ್ದಂಗ ಇರ್ತಿತ್ತು. ಈಗ ನೋಡು, ಎರಡು ಸೀಟಿ ಹೊಡದ್ರ ಬೆಣ್ಣಿ!”

“ಚಾದಾಗ ಹಾಲೂ ಒಡಿಯಂಗಿಲ್ಲ,” ಅಂದಳು ಇನ್ನೊಬ್ಬಳು.

ನನಗೆ ಒಳಗೊಳಗೇ ದಿಗಿಲಾಯಿತು. “ಕುಡ್ಯಾಕ, ಅಜ್ಜಿ?” ಅಂದೆ.

“ಕುಡ್ಯಾಕ ಯಾರ್ ತಗಂತಾರ? ಥೂ, ಸಪ್ಪನ ನೀರು! ಚೆಂಬುಗಟ್ಲೆ ಕುಡದ್ರೂ ನೀರಡಿಕಿ ಹೋಗಂಗಿಲ್ಲ. ಕುಡ್ಯಾಕ ನಮ್ಮ ಬೋರಿಂದ ಬೇಕವ್ವ.”

ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು. ಇಷ್ಟು ವರ್ಷ ಊರಿಗೆ ಊರೇ ಒಳ್ಳೆಯ ನೀರನ್ನು ಬೇಳೆಗೆ ಹಾಕಿ, ಕೆಟ್ಟ ನೀರನ್ನು ತಾನು ಕುಡಿದಿತ್ತು!

ಒಂದಕ್ಷರ ಬಿಡದೆ ಸಾಹೇಬನಿಗೆ ಹೇಳಿದೆ. ಆ ನೀರಿಗೆ ಹಲ್ಲು ಕೆಡುವುದು, ಮೂಳೆ ಸವೆದು ಮೊಣಕಾಲು ಹಿಡಿಯುವುದು, ಮಕ್ಕಳ ಗತಿ ಎಲ್ಲ ಹೇಳಿದೆ. ಅವನ ನಗೆ ಒಂದು ಗಳಿಗೆ ಮಾಸಿತು. ಆಮೇಲೆ ಅಂದ, “ಬಟ್ ಮೇಡಂ, ಇಟ್ ಹ್ಯಾಸ್ ಮೇಡ್ ಎ ಡಿಫರೆನ್ಸ್, ರೈಟ್?” ಮುಂದಿನ ಸಲ ತಿಳಿವಳಿಕೆ ಕಾರ್ಯಕ್ರಮ ಮಾಡೋಣ, ಈಗ ಅಜ್ಜಿಯಿಂದ ಮೊದಲಿನ ಮಾತನ್ನಷ್ಟೇ ಇನ್ನೊಮ್ಮೆ ಹೇಳಿಸಿ, ಬೆಳಕು ಚೆನ್ನಾಗಿದೆ ಅಂದ. ಅಜ್ಜಿ ಮೊದಲಿಗಿಂತ ಜೋರಾಗಿ ಹೇಳಿದಳು. ಯಾರಾದರೂ ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ಬೇಳೆ ನಿಜಕ್ಕೂ ಬೇಯುತ್ತಿತ್ತು, ನಾನು ಯಾರ ಜೊತೆ ಜಗಳವಾಡಲಿ?

ಜಗಳಕ್ಕೆ ಸಿಕ್ಕಿದವಳು ಅಕ್ಕ. ಸೀದಾ ಅಡುಗೆಮನೆಗೆ ನುಗ್ಗಿದೆ. ಒಲೆಯ ಪಕ್ಕ ಫಿಲ್ಟರ್ ಕ್ಯಾನು, ಮೂಲೆಯಲ್ಲಿ ಬೋರಿನ ನೀರಿನ ಕೊಡ. ಕೂಸು ಕೊಡಕ್ಕೆ ಚೆಂಬು ಅದ್ದುತ್ತಿತ್ತು.

“ಇಷ್ಟ ದಿನ ಹೂಂ ಹೂಂ ಅಂದಿ, ಕೂಸಿಗೆ ಇದನ್ನ ಕುಡಸ್ತಿದ್ಯಾ?”

“ಸಣ್ಣಾಕಿ ಇದ್ದಾಗ ಕುಡಿಸಿ ನೋಡೀನಿ, ಉಗುಳಿದ್ಳು. ನಮಗ ಸೇರಲಾರದ್ದು ಕೂಸಿಗೆ ಹೆಂಗ ಸೇರ್ತೈತಿ?”

“ನಿನ್ನ ಹಲ್ಲಿನಂಗ ಇದರ ಹಲ್ಲೂ ಆಗ್ಲೇನು?”

“ಏ ಸಾಕು! ನೀನೂ ಅದ ನೀರು ಕುಡದ ಟೀಚರ್ ಆಗೀದಿ,” ಅಂದಳು ಅಕ್ಕ. ಕೂಗಾಡಿದೆ, ಅತ್ತುಬಿಟ್ಟೆ, ಊಟ ಬಿಟ್ಟು ಬಸ್ಸು ಹತ್ತಿದೆ. ಬಹಳ ದಿನ ನಾವು ಮಾತಾಡಲಿಲ್ಲ.

ಈ ಬೇಸಿಗೆಯಲ್ಲಿ ಅಕ್ಕನೇ ಫೋನ್ ಮಾಡಿದಳು. “ಹಾಲ್ಹಲ್ಲು ಬಿದ್ದು ಹೊಸಾ ಹಲ್ಲು ಬಂದೈತಿ. ಬಾ ನೋಡಾಕ.” ದನಿಯಲ್ಲಿ ಹಬ್ಬವಿತ್ತು. ಹೋದೆ. ಹುಡುಗಿ ಓಡಿ ಬಂದು ಬಾಯಿ ಅಗಲಿಸಿ ನಿಂತಳು. ಕೆಳಗಿನ ಎರಡು ಹಲ್ಲು, ಇನ್ನೂ ಅರ್ಧ ಒಸಡಿನಲ್ಲಿ. ಹೊಳಪೇ ಇಲ್ಲದ ಬಿಳುಪು.

“ನೋಡಿದ್ಯಾ? ಸುಣ್ಣದಂಗ ಬೆಳ್ಳಗದಾವು!” ಅಂದಳು ಅಕ್ಕ. “ನೀ ಬೈದು ಹೋದಾಗಿಂದ ಬಿಡದಂಗ ಫಿಲ್ಟರ್ ನೀರ ಕುಡಿಸೀನಿ. ಅದರ ದೆಸಿಯಿಂದ ಬಂದಾವಲ್ಲ?”

ಆ ಸುಣ್ಣದ ಬಿಳುಪೇ ರೋಗ. ಶಾಲೆಯಲ್ಲಿ ಎಷ್ಟು ಮಕ್ಕಳ ಬಾಯಲ್ಲಿ ನೋಡಿಲ್ಲ, ಕೆಲವೇ ವರ್ಷದಲ್ಲಿ ಕಂದಾಗುತ್ತದೆ. ಈ ಹಲ್ಲು ಕೂಸು ಬೋರಿನ ನೀರು ಕುಡಿಯುತ್ತಿದ್ದಾಗಲೇ ಒಸಡಿನೊಳಗೆ ತಯಾರಾಗಿ ಮುಗಿದಿತ್ತು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಹೇಳಿದರೆ, ಕುಡಿಸಿ ಏನು ಬಂತು ಎಂದು ಅಕ್ಕ ನಾಳೆಯೇ ಫಿಲ್ಟರ್ ಬಿಡುತ್ತಾಳೆ. ಹಿಂದಿನ ದವಡೆ ಹಲ್ಲುಗಳು ಇನ್ನೂ ಒಳಗೆ ತಯಾರಾಗುತ್ತಿವೆ. ಮೂಳೆ ಇನ್ನೂ ಬೆಳೆಯಬೇಕು.

“ಹೂಂ,” ಅಂದೆ. “ಅದರ ದೆಸಿಯಿಂದನ. ಬಿಡಬ್ಯಾಡ, ಕುಡಿಸು.”

ಅಕ್ಕ ಕ್ಯಾನಿನಿಂದ ಚೆಂಬು ತುಂಬಿ ಕೊಟ್ಟಳು. ಹುಡುಗಿ ಮುಖ ಕಿವುಚಿಕೊಂಡು ಪೂರ್ತಿ ಕುಡಿದಳು.