ಬೆತ್ತದ ದಾನಿ

ಉಳಿದ ದಾನಿಗಳು ಪ್ರೌಢಶಾಲೆಗೆ ಗಡಿಯಾರವನ್ನೋ ಫ್ಯಾನನ್ನೋ ಕೊಟ್ಟು ಅದರ ಮೇಲೆ ಹೆಸರು ಬರೆಸಿಕೊಂಡರೆ, ಶಿರಾಳಕೊಪ್ಪದ ಬಟ್ಟೆ ವ್ಯಾಪಾರಿ ಬಸವಣ್ಯಪ್ಪನವರು ಪ್ರತಿ ಜೂನ್ ತಿಂಗಳಲ್ಲಿ ಒಂದು ಕಟ್ಟು ಬೆತ್ತ ಕೊಡುತ್ತಿದ್ದರು; ನಮ್ಮಂಥ ಜಿಪುಣರಿಗೆ ಇಂಥ ಬುದ್ಧಿ ಎಲ್ಲಿಂದ ಬರಬೇಕು? ಸೊರಬದ ಸಂತೆಯಲ್ಲಿ ಬಾಗಿಸಿ ನೋಡಿ ಆರಿಸಿದ, ಎಣ್ಣೆ ಹಚ್ಚಿದ ಮಾಲು. ಹೆಸರು ಬರೆಸುವ ಖರ್ಚೂ ಇಲ್ಲ, ಮಕ್ಕಳ ಅಂಗೈ ಮೇಲೆ ತಾನಾಗಿ ಮೂಡುತ್ತಿತ್ತು. "ನಮ್ಮ ವಿಶಾಲಾಕ್ಷಿಯಿಂದ್ಲೇ ಬೋಣಿ ಆಗ್ಲಿ ಸರ್, ಮನ್ಯಾಗೆ ನಾನೂ ಬಿಡಂಗಿಲ್ಲ" ಎನ್ನುವಷ್ಟು ಉದಾರಿ. ಏಳನೇ ಕ್ಲಾಸಿನಲ್ಲಿ ಪ್ರಾಥಮಿಕ ಶಾಲೆಗೇ ಮೊದಲು ಬಂದಿದ್ದ ಆ ಮಗಳು ಒಂಬತ್ತರಲ್ಲಿ ಲೆಕ್ಕಕ್ಕೆ ಫೇಲಾದಾಗ, ತಪ್ಪು ಬೆತ್ತದ್ದೇ ಎಂದು ತೀರ್ಮಾನಿಸಿ ತೊಂಬತ್ನಾಲ್ಕನೇ ಇಸವಿಯ ಜೂನ್‌ನಲ್ಲಿ ಇನ್ನೂ ದಪ್ಪನೆಯವನ್ನು ತಂದರು. "ಇನ್ನೊಂದ್ಸಲ ಫೇಲಾದ್ರೆ ಸ್ಕೂಲು ಬಿಡಿಸ್ತೀನ್ರಿ." ಹೊಸದಾಗಿ ಬಂದಿದ್ದ ಲೆಕ್ಕದ ಮೇಷ್ಟ್ರು ಕಟ್ಟನ್ನು ಮುಟ್ಟಲಿಲ್ಲ. ವಿಶಾಲಾಕ್ಷಿಯನ್ನು ಅಪ್ಪನ ಎದುರಿಗೇ ಕರೆಸಿ, "ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಸೂತ್ರ ಹೇಳವ್ವ" ಎಂದು ಮೆಲ್ಲಗೆ ಕೇಳಿದರು. ಹುಡುಗಿ ಮೊದಲು ಕಣ್ಣು ಮುಚ್ಚಿ ಅಂಗೈ ಚಾಚಿದಳು, ಆಮೇಲೆ ಸೂತ್ರವನ್ನು ಪೂರ್ತಿ ಒಪ್ಪಿಸಿದಳು. ಬಸವಣ್ಯಪ್ಪನವರು ಮೇಷ್ಟ್ರತ್ತ ಬಾಗಿ ಪಿಸುಗುಟ್ಟಿದರು: "ಸರಿ ಐತೇನ್ರಿ?" "ಸರಿ ಐತ್ರಿ" ಎಂದರು ಮೇಷ್ಟ್ರು, ಮಗುವಿಗೂ ಕೇಳುವಂತೆ. ಅವಳು ಮಾತ್ರ ಕೈ ಹಿಂದೆ ತೆಗೆಯಲಿಲ್ಲ.