ಗಾಳಿಯ ಬುದ್ಧಿ

ಬಳ್ಳಾರಿಯ ಒಂದು ಆಸ್ಪತ್ರೆಯ ಸರ್ವರ್ ಕೋಣೆಯ ವಾರ್ಷಿಕ ತಪಾಸಣೆಗೆ ಎಂದಿನಂತೆ ಹೋಗಿದ್ದೆ. ಸರ್ವರ್ ಕಪಾಟಿನ ಖಾಲಿ ಖಾನೆಗಳಿಗೆಲ್ಲ ಯಾರೋ ಸಲೈನ್ ಡಬ್ಬಿಯ ರಟ್ಟು ಸಿಗಿಸಿದ್ದರು. ಯಾರ ಕೆಲಸ ಇದು ಎಂದೆ.

"ನಂದರೀ ಸಾರ್," ಎಂದರು ಕಸ ಗುಡಿಸುವ ಈರಮ್ಮ. "ಸಿರುಗುಪ್ಪದಾಗ ಭತ್ತ ತೂರಿದಾಕಿ ನಾನು, ಗಾಳಿ ಬುದ್ಧಿ ಗೊತ್ತೈತ್ರಿ. ಸಂದಿ ಬಿಟ್ರ ಹಿಂದಿನ ಬಿಸಿ ತಿರುಗಿ ಮುಂದಕ್ಕ ಬರತೈತಿ."

"ನೀನು ನೆಲ ನೋಡ್ಕೊ," ಎಂದು ಗದರಿ ರಟ್ಟೆಲ್ಲ ಕಿತ್ತೆಸೆದೆ. ಈಕೆಯನ್ನು ಕೋಣೆಯೊಳಗೆ ಬಿಡಬಾರದೆಂದು ವರದಿಯಲ್ಲೂ ಬರೆದೆ.

ವಾರದೊಳಗೆ, ಎಸಿ ಎಷ್ಟು ಓಡಿದರೂ ಸರ್ವರ್‌ಗಳು ಕಾದು ಕೂಗತೊಡಗಿದವು. ಮತ್ತೆ ಹೋಗಿ ಅದೇ ಖಾನೆಗಳಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿದೆ, ಕೋಣೆ ತಣ್ಣಗಾಯಿತು. ಕ್ಷಮೆ ಕೇಳೋಣವೆಂದು ಈರಮ್ಮನನ್ನು ಹುಡುಕಿದೆ.

"ನೀವ ವರದಿಯಾಗ ಬರದಿದ್ರಲ್ರೀ, ಅವತ್ತ ಕೆಲಸದಿಂದ ತೆಗದ್ವಿ," ಎಂದರು ಮ್ಯಾನೇಜರ್.

ಇಷ್ಟು ವರ್ಷ ನಾನು ಬರೆದುಕೊಟ್ಟ ಸಲಹೆಗಳಲ್ಲಿ ಆ ಆಸ್ಪತ್ರೆಯವರು ಅಂದೇ ಜಾರಿ ಮಾಡಿದ್ದು ಅದೊಂದನ್ನೇ.